ಬಹುದು

ಬ್ಯಾಲರಾಟ್ ಊರಿಗೆ ತಿಂಗಳಿಗೆರಡು ಸಲ ಬರುತ್ತೇನೆ,
ಡಿಕ್ಕಿಯಲ್ಲಿ ನೂರಾ ನಲವತ್ತು ಡಬ್ಬಿ,
ಕೊರಳಲ್ಲಿ ಬಿಲ್ಲೆ: ಭಾಗಿ, ಪೌಷ್ಟಿಕ ಸಲಹೆಗಾರ್ತಿ.
ಭಾಗೀರಥಿ ಅನ್ನುವಷ್ಟು ಉಸಿರು ಇಲ್ಲಿ ಯಾರಿಗೂ ಇಲ್ಲ,
ನನ್ನ ಬಿ.ಫಾರ್ಮ್ ಪದವಿಗೆ ಗೋಡೆಯ ಮೊಳೆ ಬಿಟ್ಟರೆ
ಬೇರೆ ಕೆಲಸವಿಲ್ಲ.

ಹಿಂದೆ ಈ ನೆಲ ಅಗೆದವರಿಗೆ ಚಿನ್ನ ಸಿಕ್ಕಿತಂತೆ,
ಹೆಚ್ಚಿನವರಿಗೆ ಕೆಸರು.
ನಾನು ಮಾರುವುದೂ ಹಳದಿಯೇ.
ಅರಿಶಿನದ ಸತ್ವ, ಚಿಟಿಕೆ ಮೆಣಸು, ಮೀನೆಣ್ಣೆ,
ಅರವತ್ತು ಗುಳಿಗೆಗೆ ಐವತ್ತಕ್ಕೆ ಒಂದು ಡಾಲರ್ ಕಡಿಮೆ.
ಗದಗಿನಲ್ಲಿ ನಮ್ಮವ್ವ ಇದನ್ನು
ಗಾಯಕ್ಕೆ ಮೆತ್ತುತ್ತಿದ್ದಳು, ಹೊಸ್ತಿಲಿಗೆ ಬಳಿಯುತ್ತಿದ್ದಳು,
ರಸೀದಿ ಹರಿದದ್ದು ನೆನಪಿಲ್ಲ.

ಕಂಪನಿಯ ತರಬೇತಿಯಲ್ಲಿ ಮೂರು ದಿನ ಕಲಿಸಿದ್ದು ಇಷ್ಟೇ:
ವಾಸಿ ಮಾಡುತ್ತದೆ ಅನ್ನಕೂಡದು.
ತಡೆಯುತ್ತದೆ ಅನ್ನಕೂಡದು.
ಸಹಾಯವಾಗಬಹುದು ಅನ್ನಬೇಕು.
ಇಂಗ್ಲಿಷಿನಲ್ಲಿ ಅದು ಮೇಕೆಮರಿ ಕೂಗಿದಷ್ಟು, ಮೇ,
ಮಾತಿನ ಮುಂದೆ ಒಮ್ಮೆ ಅರಚಿ ಸುಮ್ಮನಾಗುತ್ತದೆ.
ನಮ್ಮಲ್ಲಿ ಬಾಲ.
ಕ್ರಿಯಾಪದದ ಹಿಂದೆ ಬಹುದು ಕಟ್ಟಿಬಿಟ್ಟರೆ
ಕೋರ್ಟೂ ಹಿಡಿಯಲಾರದು, ದೇವರೂ.
ಸೋದರಮಾವ ಈ ಬಾಲ ಹಿಡಿದೇ
ಮೂರು ಮದುವೆ ಮಾತುಕತೆಗಳ ಹೊಳೆ ದಾಟಿಸಿದ್ದ.

ಡಾಕ್ಟರ್ ಹೆದರ್ ಪೆಟಿಗ್ರೂ ನನಗೆ ಕೊಡುವುದು ನಾಲ್ಕು ನಿಮಿಷ,
ಅದೂ ಸ್ಯಾಂಡ್‌ವಿಚ್ ತಿನ್ನುತ್ತಾ.
ನಕ್ಷೆ ಬಿಚ್ಚಿದೆ, ಏರುತ್ತಿರುವ ಹಸಿರು ಗೆರೆ.
ಎಷ್ಟು ಜನರ ಮೇಲೆ ನೋಡಿದ್ದು?
ಮೂವತ್ತೆಂಟು.
ದುಡ್ಡು ಯಾರದು?
ಪೆನ್ನು ಮುಂದಿಟ್ಟೆ.
ಪೆನ್ನು ಚೆನ್ನಾಗಿತ್ತು, ಇಟ್ಟುಕೊಂಡಳು.
ಗೆರೆಯನ್ನು ಮಡಿಸಿ ವಾಪಸು ಕೊಟ್ಟಳು.
ಬಾಗಿಲ ತನಕ ಬಂದ ಮೇಲೆ ಕೇಳಿದಳು, ನೀನು ತಿನ್ನುತ್ತೀಯಾ?
ದಿನಾ, ಅಂದೆ.
ಇಲ್ಲಿ ಬಾಲ ಸೇರಿಸಲು ಮರೆತೆ.

ಹೊರಗೆ, ಕಾಯುವವರ ಸಾಲಿನಲ್ಲಿ, ಮಾರೀನ್ ಡಫ್.
ಇಪ್ಪತ್ತಾರು ವರ್ಷ ಉಣ್ಣೆ ಗಿರಣಿಯಲ್ಲಿ ದುಡಿದ ಬೆರಳು,
ಹಸಿಶುಂಠಿಯ ಹಾಗೆ ಗಂಟುಗಂಟು.
ನನ್ನ ಚೀಲದ ಚಿತ್ರ ನೋಡಿ ಕೈ ಚಾಚಿದಳು:
ಇದಕ್ಕೆ ಆಗುತ್ತಾ?
ಆಗುತ್ತಾ. ಎಷ್ಟು ಬರಿಮೈಯ ಮಾತು.
ಅವಳ ಕೋಟಿನ ಜೇಬಿನಿಂದ ಗ್ಯಾಸಿನ ಬಿಲ್ಲು ಇಣುಕುತ್ತಿತ್ತು.
ನಾನು ಮೇ ಅಂದೆ, ಈ ಸಲ ಒತ್ತಿ, ಕೇಳಿಸಲಿ ಅಂತ.
ಅವಳಿಗೆ ಅದರ ಮುಂದಿನದಷ್ಟೇ ಕೇಳಿಸಿತು.

ಪಕ್ಕದ ಫಾರ್ಮಸಿಯಲ್ಲಿ ನಮ್ಮ ಡಬ್ಬಿ ಕಣ್ಣಿನ ಎತ್ತರದಲ್ಲಿದೆ,
ಆ ಎತ್ತರಕ್ಕೆ ನಾವು ಬಾಡಿಗೆ ಕಟ್ಟುತ್ತೇವೆ.
ಪರ್ಸಿನ ಜಿಪ್ ಎಳೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು.
ನಾನು ಕಾದೆ.

ಮುಂದಿನ ತಿಂಗಳು ಅದೇ ಬಾಗಿಲು, ಮೂಗು ಕೊರೆಯುವ ಗಾಳಿ.
ಹುಡುಗೀ, ನಿನ್ನ ಮಾತ್ರೆ ಕೆಲಸ ಮಾಡಿತು!
ನೋಡಿದೆ. ಗಂಟು ಗಂಟಾಗಿಯೇ ಇದ್ದವು.
ಮುಚ್ಚಳ ಒತ್ತಿ ತಿರುಗಿಸಬೇಕಲ್ಲ, ನನ್ನ ಕೈಲಿ ಆಗಲ್ಲ,
ಪಕ್ಕದ ಮನೆಯ ಟ್ರಾನ್ ದಿನಾ ಏಳಕ್ಕೆ ಬಂದು ತೆಗೆದುಕೊಡ್ತಾನೆ.
ಬಂದವನನ್ನು ಚಹಾ ಕೊಡದೆ ಕಳಿಸೋದಕ್ಕಾಗುತ್ತಾ?
ಹನ್ನೊಂದು ವರ್ಷ ಬೇಲಿಯಾಚೆ ಇದ್ದ,
ಹೆಸರೇ ಗೊತ್ತಿರಲಿಲ್ಲ ನೋಡು.
ಇನ್ನೊಂದು ಡಬ್ಬಿ ಬೇಕು ಅಂದಳು.
ಅದೇ ಮುಚ್ಚಳದ್ದು.

ಕಾರಿನಲ್ಲಿ ಕೂತು ವರದಿ ತುಂಬಿದೆ.
ಪರಿಣಾಮ: ಇದೆ, ಇಲ್ಲ. ಎರಡೇ ಚೌಕ.
ಲೋಕಕ್ಕೆಲ್ಲ ಬಹುದು ಹಂಚುವ ಕಂಪನಿ
ತನ್ನ ಫಾರ್ಮಿನಲ್ಲಿ ಅದಕ್ಕೆ ಜಾಗ ಇಟ್ಟಿಲ್ಲ.
ಹಾಗೇ ಬಿಟ್ಟು, ಎದುರಿನ ಖಾನೆಯಿಂದ
ನನ್ನ ಪಾಲಿನ ಡಬ್ಬಿ ತೆಗೆದೆ, ಸೀಲು ಒಡೆಯದ್ದು.
ಒತ್ತಿ ತಿರುಗಿಸಿದೆ.
ಒಮ್ಮೆಗೇ ತೆರೆಯಿತು, ಯಾರ ಹಂಗೂ ಇಲ್ಲದೆ.
ಅವ್ವನ ಹೊಸ್ತಿಲಿನ ವಾಸನೆ ಇರಬಹುದು ಅಂದುಕೊಂಡಿದ್ದೆ.
ಮೇಲೆ ಹತ್ತಿ ಇತ್ತು.